ಎದೆಯ ಮೇಲೊಂದು ಕಾಲು

"ಬುದ್ಧೀ, ಹುಟ್ಟುವಾಗಲೇ ಜೊತೆಗೆ ಬಂದ ಭಯವನ್ನು ಪ್ರಾಣಿಗಳು ಹೇಗೆ ಕಳೆದುಕೊಳ್ಳುತ್ತವೆ?"

ಶಿಷ್ಯ ಪರ್ವತಯ್ಯ ಈ ಪ್ರಶ್ನೆ ಕೇಳಿದ್ದು ಬಾಗಿಲಲ್ಲಿ ನಿಂತು. ಅವನ ಒಂದು ಕಾಲು ಹೊಸ್ತಿಲ ಒಳಗಿತ್ತು, ಇನ್ನೊಂದು ಹೊರಗಿತ್ತು. ಒಳಗೆ ಚಾಪೆಯ ಮೇಲೆ ಮಠದ ಹಿರಿಯ ಸ್ವಾಮಿಗಳು ಮಲಗಿದ್ದರು. ಬೆಳಿಗ್ಗೆ ಪಂಡಿತರು ಬಂದು ನಾಡಿ ಹಿಡಿದು ನೋಡಿ, ಇನ್ನು ಮದ್ದು ಬೇಡ, ಬಾಯಿಗೆ ಏನು ಬೇಕೆನ್ನುತ್ತಾರೋ ಅದನ್ನು ಕೊಡಿ ಎಂದು ಹೇಳಿ ಹೋಗಿದ್ದರು. ಆ ಮಾತಿನ ಅರ್ಥ ಮಠದಲ್ಲಿ ಎಲ್ಲರಿಗೂ ಆಗಿತ್ತು. ಸ್ವಾಮಿಗಳಿಗೆ ಎಲ್ಲರಿಗಿಂತ ಮೊದಲೇ ಆಗಿತ್ತು.

ಆಗಿನಿಂದ ಪರ್ವತಯ್ಯನ ಕಾಲು ಒಂದು ಕಡೆ ನಿಂತಿರಲಿಲ್ಲ. ನೀರು ತರುತ್ತೇನೆಂದು ಹೋದ. ತಂದ ನೀರು ಬೆಚ್ಚಗಾಗಿದೆ ಎಂದು ಚೆಲ್ಲಿ ಮತ್ತೆ ಹೋದ. ದನಗಳಿಗೆ ಹುಲ್ಲು ಹಾಕಿದ, ಹಾಕಿದ ಹುಲ್ಲಿನ ಮೇಲೆ ಇನ್ನೊಂದು ಹೊರೆ ಹಾಕಿದ. ಗುಡಿಸಿದ ಅಂಗಳವನ್ನೇ ಗುಡಿಸಿದ. ಗುರುಗಳು ಕರೆದಾಗಲೆಲ್ಲ "ಬಂದೆ ಬುದ್ಧೀ" ಎನ್ನುತ್ತಿದ್ದ, ಬಾಗಿಲ ತನಕ ಬರುತ್ತಿದ್ದ, ಅಷ್ಟರಲ್ಲಿ ಇನ್ನೇನೋ ಕೆಲಸ ನೆನಪಾಗುತ್ತಿತ್ತು.

ಅವನಿಗೆ ಸಾವೆಂದರೆ ಭಯ. ಅವನ ತಂದೆ ಪ್ರಾಣ ಬಿಡುವಾಗ ಮಗನ ಹೆಸರು ಹಿಡಿದು ಕೂಗಿದ್ದರು. ಅವನು ಹಿತ್ತಿಲಿಗೆ ಓಡಿಹೋಗಿ ಹುಲ್ಲಿನ ಮೆದೆಯ ಹಿಂದೆ ಕಿವಿ ಮುಚ್ಚಿಕೊಂಡು ಕುಳಿತಿದ್ದ. ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗಲೂ ಹಾಗೆಯೇ ಆಗುತ್ತದೆ, ಗುರುಗಳು ಒಬ್ಬರೇ ಹೋಗಿಬಿಡುತ್ತಾರೆ, ಆ ಹೊತ್ತಿಗೆ ತಾನು ಕೊಟ್ಟಿಗೆಯಲ್ಲೋ ಬಾವಿಯ ಹತ್ತಿರವೋ ಇರುತ್ತೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಾಲು ಒಳಗೆ ಬರುತ್ತಿರಲಿಲ್ಲ. ಅದನ್ನು ನೇರವಾಗಿ ಕೇಳಲು ಬಾಯಿಯೂ ಬರಲಿಲ್ಲ. ಮಧ್ಯಾಹ್ನ ಮಠದ ಕರು ಯಾರೋ ಬಿಚ್ಚಿದ ಕೊಡೆ ಕಂಡು ಬೆಚ್ಚಿಬಿದ್ದು ಹಗ್ಗ ಹರಿದುಕೊಂಡಿತ್ತು. ಅದರ ನೆಪ ಹಿಡಿದು ಕೇಳಿದ.

ಸ್ವಾಮಿಗಳು ಕಣ್ಣು ಬಿಟ್ಟರು. "ಪ್ರಾಣಿಗಳ ವಿಚಾರವೋ? ಒಳಗೆ ಬಂದು ಕೇಳಬಹುದಲ್ಲ."

"ಇಲ್ಲಿಗೂ ಚೆನ್ನಾಗಿ ಕೇಳಿಸುತ್ತದೆ ಬುದ್ಧೀ. ಕರುವಿಗೆ ಒಂದಿಷ್ಟು ನೀರಿಟ್ಟು ಬಂದುಬಿಡಲೇ?"

"ಬೆಳಗಿನಿಂದ ನೀನು ಕುಡಿಸಿದ ನೀರಿಗೆ ಅದರ ಹೊಟ್ಟೆ ಕೆರೆಯಾಗಿದೆ. ಬಿಡಯ್ಯ ಪಾಪ, ಅದು ಬದುಕಿಕೊಳ್ಳಲಿ. ಅಲ್ಲೇ ನಿಲ್ಲುವುದಾದರೆ ಅಲ್ಲೇ ನಿಲ್ಲು. ಒಂದು ಕತೆ ಹೇಳುತ್ತೇನೆ. ನಡುವೆ ಬಿಟ್ಟು ಹೋದರೆ ಮತ್ತೆ ಮೊದಲಿನಿಂದ ಹೇಳುವಷ್ಟು ಉಸಿರು ನನ್ನಲ್ಲಿಲ್ಲ, ನೋಡು."

ಹಾಗೆಂದು ಸ್ವಾಮಿಗಳು ಹೇಳತೊಡಗಿದರು.

ಒಬ್ಬ ಬಸವನಾಡಿಸುವವನಿದ್ದ. ಎತ್ತಿಗೆ ಬಣ್ಣದ ಜೂಲು ಹೊದಿಸಿ, ಕೊರಳಿಗೆ ಗಂಟೆ ಕಟ್ಟಿ, ಊರೂರು ತಿರುಗಿ, ಮನೆಮನೆಯ ಮುಂದೆ ನಿಲ್ಲಿಸಿ ಆಡಿಸುವ ಕುಲ ಅವನದು. "ಈ ಮನೆಗೆ ಒಳ್ಳೇದಾಗ್ತದಾ ಬಸವಾ?" ಎಂದು ಕೇಳಿದರೆ ಎತ್ತು ಹೂಂ ಎಂದು ತಲೆ ಹಾಕಬೇಕು. "ಕೆಟ್ಟದ್ದಾಗ್ತದಾ?" ಎಂದರೆ ಊಹೂಂ ಎಂದು ಅಲ್ಲಾಡಿಸಬೇಕು. ಎಲ್ಲಕ್ಕೂ ಕಡೆಗೆ ಅವನು ಬೀದಿಯ ಮಣ್ಣಿನಲ್ಲಿ ಅಂಗಾತ ಮಲಗುತ್ತಾನೆ. ಎತ್ತು ಮುಂಗಾಲೊಂದನ್ನು ಎತ್ತಿ ಅವನ ಎದೆಯ ಮೇಲೆ ಇಡಬೇಕು. ಇಟ್ಟು, ಭಾರ ಬಿಡದೆ, ಅಲುಗಾಡದೆ ನಿಲ್ಲಬೇಕು. ನೋಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುವುದು, ಮೊರದಲ್ಲಿ ರಾಗಿ ತಂದು ಸುರಿಯುವುದು ಆಗಲೇ.

ಆ ಕುಲದಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಎತ್ತು ಕುಲದ ಯಜಮಾನನ ಕಣ್ಣೆದುರಿಗೆ ಎದೆಯ ಮೇಲೆ ಕಾಲಿಟ್ಟು ತೋರಿಸಿದರೇನೇ ಅದಕ್ಕೆ ಗಂಟೆ. ತೋರಿಸದಿದ್ದರೆ ಅದು ಬಸವ ಅಲ್ಲ, ಬರೀ ಎತ್ತು. ಬರೀ ಎತ್ತನ್ನು ಕಟ್ಟಿಕೊಳ್ಳುವಂತಿಲ್ಲ, ಗಾಡಿ ಹೊಡೆಯುವವರಿಗೆ ಕೊಟ್ಟುಬಿಡಬೇಕು. ಮಡಿಲಲ್ಲಿಟ್ಟು ಸಾಕಿದ್ದರೂ ಸರಿಯೇ, ಕೊಟ್ಟುಬಿಡಬೇಕು.

ಇವನ ಮನೆಯಲ್ಲಿ ಒಂದು ಗಂಡುಕರು ಇತ್ತು. ಸಿಂಗಾರ ಎಂದು ಕರೆಯುತ್ತಿದ್ದರು. ಅದರ ತಾಯಿ ಕರು ಹಾಕಿದ ಕೂಡಲೇ ಹೋಗಿಬಿಟ್ಟಿತ್ತು. ಇವನ ಹೆಂಡತಿ ಗಂಜಿಯಲ್ಲಿ ಬೆರಳದ್ದಿ ನೆಕ್ಕಿಸಿ ನೆಕ್ಕಿಸಿ ಅದನ್ನು ಉಳಿಸಿಕೊಂಡಿದ್ದಳು. ಅದು ಗಂಡನಿಗಿಂತ ಹೆಚ್ಚು ಮಾತು ಕೇಳುತ್ತದೆ ಎಂದು ಊರವರ ಮುಂದೆಯೇ ಹೇಳುತ್ತಿದ್ದಳು. ಇಬ್ಬರಿಗೂ ಅದರ ಮೇಲೆ ಪ್ರಾಣ.

ಆದರೆ ಕರು ಮಹಾ ಪುಕ್ಕಲು. ಹುಟ್ಟಿದ್ದು ಹಟ್ಟಿಯಲ್ಲಿ, ಬೆಳೆದದ್ದು ಹಟ್ಟಿಯಲ್ಲಿ. ಹುಲಿ ಎಂದರೇನು, ಚಿರತೆ ಎಂದರೇನು ಅದಕ್ಕೆ ಕನಸಿನಲ್ಲೂ ಗೊತ್ತಿಲ್ಲ. ಉರುಮೆ ನೋಡಿದ್ದೀಯಲ್ಲ, ಆ ಕುಲದವರು ಬಾರಿಸುವ ವಾದ್ಯ? ಅದರ ಚರ್ಮದ ಮೇಲೆ ಬಾಗಿದ ಕೋಲು ಉಜ್ಜಿ ಗುರ್ರೆನ್ನಿಸಿದ ಕೂಡಲೇ ಸಿಂಗಾರ ಬಾಲ ಎತ್ತಿ ಓಟ ಕಿತ್ತಿತು. ಯಾರು ಕಲಿಸಿದರು ಅದಕ್ಕೆ? ಯಾರೂ ಇಲ್ಲ. ಅದರ ಮುತ್ತಜ್ಜಿಯ ಮುತ್ತಜ್ಜಿ ಯಾವುದೋ ಕಾಡಿನಲ್ಲಿ ಓಡಿದ ಓಟ ಇದರ ಕಾಲಿಗೆ ಇಳಿದು ಬಂದಿತ್ತು. ಕೊಡೆ ಬಿಚ್ಚಿದರೆ ಇನ್ನೂ ಕಷ್ಟ. ಇದ್ದಕ್ಕಿದ್ದಂತೆ ಕಪ್ಪಗೆ ಅಗಲವಾಗುವಂಥದ್ದು ಏನು ಕಂಡರೂ ಅದಕ್ಕೆ ಜೀವ ಬಾಯಿಗೆ ಬರುತ್ತಿತ್ತು.

ಅವನೋ ಕರುಳಿದ್ದ ಮನುಷ್ಯ. ಕರು ಬೆಚ್ಚಿದ ಕೂಡಲೇ ಹಗ್ಗ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗುತ್ತಿದ್ದ. ಕೊರಳ ಕೆಳಗಿನ ಗಂಗೆದೊಗಲು ಕೆರೆದು, "ಬೇಡ ಮಗಾ, ಆ ಪೀಡೆ ನಮಗೆ ಬೇಡ" ಎಂದು ಸಮಾಧಾನ ಹೇಳುತ್ತಿದ್ದ. ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಭಯ ಕಡಿಮೆಯಾಯಿತೇ? ಎಲ್ಲಿಯದು! ಮೊದಲು ಬಿಚ್ಚಿದ ಕೊಡೆಗೆ ಹೆದರುತ್ತಿದ್ದದ್ದು ಆಮೇಲೆ ಮಡಿಸಿದ ಕೊಡೆಗೂ ಹೆದರಿತು. ಆಮೇಲೆ ಕೋಲು ಹಿಡಿದವರಿಗೆ ಹೆದರಿತು. ಆಮೇಲೆ ಕೊಡೆ ನೇತುಹಾಕುತ್ತಿದ್ದ ಗೋಡೆಯ ಕಡೆಗೆ ಮುಖವನ್ನೇ ತಿರುಗಿಸಲಿಲ್ಲ. ಓಡಿದ್ದಕ್ಕೇ ತಾನು ಉಳಿದೆ ಎಂದು ಅದು ತಿಳಿದುಕೊಂಡಿತ್ತು. ನಿಂತಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವುದಕ್ಕೆ ಅದು ಒಮ್ಮೆಯಾದರೂ ನಿಂತಿದ್ದರೆ ತಾನೇ?

ಇಲ್ಲಿಗೆ ಬಂದಾಗ ಪರ್ವತಯ್ಯ ಹೊರಗಿದ್ದ ಕಾಲನ್ನು ಬದಲಿಸಿದ. ಅವನ ಮುಖ ಬಿಸಿಯಾಯಿತು. ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಯಾವ ದನವೂ ಕೂಗಲಿಲ್ಲ, ಹೋಗಲು ನೆಪ ಸಿಗಲಿಲ್ಲ. ಸ್ವಾಮಿಗಳು ಅವನ ಕಡೆ ತಿರುಗಿಯೂ ನೋಡದೆ, ಕೆಮ್ಮಿ, ಮುಂದುವರಿಸಿದರು.

ಭಯ ಬಿಟ್ಟದ್ದು ಯಾವ ಉಪಾಯದಿಂದಲೂ ಅಲ್ಲ, ಮಳೆಯಿಂದ. ಒಂದು ದಿನ ಅವನು ಕರುವನ್ನು ಹೊಡೆದುಕೊಂಡು ಪಕ್ಕದೂರಿಗೆ ಹೊರಟಿದ್ದ. ನಡುದಾರಿಯಲ್ಲಿ ಮಳೆ ಹಿಡಿಯಿತು. ಕರುವನ್ನು ಜಾಲಿಮರಕ್ಕೆ ಕಟ್ಟಿ, ತಾನು ಅದೇ ಮರದ ಬುಡದಲ್ಲಿ ಕುಳಿತು, ಬೇರೆ ದಾರಿಯಿಲ್ಲದೆ ಕೊಡೆ ಬಿಚ್ಚಿದ. ಕರು ಜಗ್ಗಾಡಿತು, ಅಂಬಾ ಎಂದು ಕೂಗಿತು, ಮರವನ್ನೇ ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. ಕರೆದುಕೊಂಡು ಹೋಗಲು ಹಿತ್ತಿಲಿಲ್ಲ. ಅವನಿಗೆ ಹಸಿವು ಬೇರೆ. ಏನಾದರೂ ಮಾಡಿಕೋ ಎಂದು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತ ಕುಳಿತ. ಕರು ಎಳೆಯಿತು, ಅವನು ತಿಂದ. ಅದು ಕೂಗಿತು, ಅವನು ತಿಂದ. ಎಳೆದು ಎಳೆದು ಅದಕ್ಕೆ ಸಾಕಾಯಿತು. ನಿಂತಿತು. ಕೊಡೆಯನ್ನು ನೋಡಿತು, ಕೊಡೆಯ ಕೆಳಗೆ ಕುಳಿತವನನ್ನು ನೋಡಿತು. ಇವನನ್ನು ಕೊಡೆ ತಿನ್ನಲಿಲ್ಲವಲ್ಲ, ಇವನೇ ಏನೋ ತಿನ್ನುತ್ತಿದ್ದಾನಲ್ಲ ಎಂದು ಅದಕ್ಕೆ ಅನ್ನಿಸಿರಬೇಕು. ಒಂದೊಂದೇ ಹೆಜ್ಜೆ ಇಟ್ಟು ಬಂದು, ಕತ್ತು ಚಾಚಿ, ಅವನ ಕೈಯಲ್ಲಿದ್ದ ಕಡೆಯ ರೊಟ್ಟಿಯನ್ನು ಕಿತ್ತುಕೊಂಡಿತು. ಅವನು ಬೈದ. ಆಮೇಲೆ ಅರ್ಥವಾಗಿ, ಮಳೆಯಲ್ಲೇ ಎದ್ದು ಕುಣಿದ.

ಅಲ್ಲಿಂದ ಅವನಿಗೆ ದಾರಿ ಸಿಕ್ಕಿತು. ಯಾವುದಕ್ಕೆ ಕರು ಹೆದರುತ್ತದೋ ಅದರ ಪಕ್ಕದಲ್ಲಿ ತಾನು ಹೋಗಿ ಕೂರುವುದು. ಎಳೆಯುವುದಿಲ್ಲ, ಹೊಡೆಯುವುದಿಲ್ಲ, ಓಡಿಹೋಗಲು ಬಿಡುವುದೂ ಇಲ್ಲ. ಉರುಮೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು ಉಂಡ. ಬಣ್ಣದ ಜೂಲನ್ನು ತಾನೇ ಹೊದ್ದುಕೊಂಡು ಹಟ್ಟಿಯಲ್ಲಿ ಮಲಗಿದ. ಸಂತೆಯ ನಟ್ಟನಡುವೆ ಗದ್ದಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಕಡಲೆ ತಿಂದ. ಜನ ಇವನಿಗೆ ಎಲ್ಲೋ ಕೆಟ್ಟಿದೆ ಎಂದರು. ಅನ್ನಲಿ. ಕರು ಬಂದು ಪಕ್ಕದಲ್ಲಿ ನಿಂತಿತು. ಬೆಳೆದು ಎತ್ತಾಗುವ ಹೊತ್ತಿಗೆ ಕಿವಿಯ ಪಕ್ಕ ಉರುಮೆ ಗುಡುಗಿದರೂ ರೆಪ್ಪೆ ಬಡಿಯುತ್ತಿರಲಿಲ್ಲ.

"ಹಾಗಾದರೆ ಭಯ ಹೋಯಿತು," ಎಂದ ಪರ್ವತಯ್ಯ. ಕತೆ ಮುಗಿಯಿತೆಂದು ಅವನಿಗೆ ಸ್ವಲ್ಪ ಸಮಾಧಾನ, ಸ್ವಲ್ಪ ನಿರಾಸೆ. "ಉತ್ತರ ಸಿಕ್ಕಿತು ಬುದ್ಧೀ. ಸಂಜೆಯ ಗಂಜಿಗೆ ಅಕ್ಕಿ ತೊಳೆದುಬಿಡುತ್ತೇನೆ."

"ನಿನ್ನ ಅಕ್ಕಿಗೆ ಬೆಂಕಿ ಬೀಳಲಿ. ಎತ್ತಿನ ಭಯ ಹೋಯಿತು ಅಂದೆ, ಕತೆ ಮುಗಿಯಿತು ಅಂದೆನೇ? ಕೂತುಕೋ."

ಪರ್ವತಯ್ಯ ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ, ಯಾವಾಗ ಬೇಕಾದರೂ ಏಳಬಹುದಾದ ಹಾಗೆ. ಸ್ವಾಮಿಗಳು ಮತ್ತೆ ಹೇಳತೊಡಗಿದರು.

ಉಳಿದದ್ದು ಎದೆಯ ಮೇಲೆ ಕಾಲಿಡುವ ಆಟ ಒಂದೇ. ದನಕ್ಕೆ ಮೆತ್ತಗಿರುವುದರ ಮೇಲೆ, ಅಲುಗಾಡುವುದರ ಮೇಲೆ ಕಾಲಿಡಲು ಹುಟ್ಟಾ ಅಂಜಿಕೆ. ಮಲಗಿದ ಮನುಷ್ಯನನ್ನು ಅದು ದಾಟಿ ಹೋಗುತ್ತದೆಯೇ ಹೊರತು ತುಳಿಯುವುದಿಲ್ಲ. ಅದನ್ನು ಬಿಡಿಸಲು ಅವನು ಒಂದು ಉಪಾಯ ಮಾಡಿದ. ತನ್ನ ಹಳೆಯ ಪಂಚೆ, ಅಂಗಿಗೆ ಹುಲ್ಲು ತುಂಬಿದ, ಒಂದು ಮಡಕೆಗೆ ತನ್ನ ರುಮಾಲು ಸುತ್ತಿ ತಲೆ ಮಾಡಿದ, ಅಂಗಳದಲ್ಲಿ ಮಲಗಿಸಿದ. ಥೇಟ್ ತಾನೇ. ಹೆಂಡತಿ ನೋಡಿ, "ನಿಮಗಿಂತ ಇವನೇ ಲಕ್ಷಣವಾಗಿದ್ದಾನೆ" ಎಂದಳು.

ಸಿಂಗಾರ ಮೊದಲು ಮೂಸಿತು. ಆಮೇಲೆ ಒಂದು ಗೊರಸು ಇಟ್ಟು ತೆಗೆಯಿತು. ಬರಬರುತ್ತ ಧೈರ್ಯ ಬಂತು, ಇಟ್ಟು ನಿಂತಿತು. ಅವನು ಹಿಗ್ಗಿ ಹೀರೇಕಾಯಿಯಾದ. ಆದರೆ ಉಸಿರಾಡದ ಹುಲ್ಲಿನ ಮನುಷ್ಯನ ಮೇಲೆ ಭಾರ ಬಿಡಬಾರದು ಎಂದು ಎತ್ತಿಗೆ ಹೇಳುವವರು ಯಾರು? ಒಂದು ದಿನ ಅದು ಆರಾಮವಾಗಿ ಪೂರ್ತಿ ಭಾರ ಬಿಟ್ಟಿತು. ಹೊಟ್ಟೆ ಬಿರಿಯಿತು, ಮಡಕೆ ಉರುಳಿ ಒಡೆಯಿತು. ಸಿಂಗಾರ ಬಾಗಿ, ಬಿರಿದ ಹೊಟ್ಟೆಯೊಳಗಿನ ಹುಲ್ಲನ್ನು ಎಳೆದು ಎಳೆದು ಮೇಯತೊಡಗಿತು.

ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವನು ನಗಲಿಲ್ಲ. ತನ್ನ ಪಂಚೆ, ತನ್ನ ಅಂಗಿ, ತನ್ನ ಹೊಟ್ಟೆ, ಅದರೊಳಗೆ ಎತ್ತಿನ ಮೂತಿ. ಆ ದಿನ ಭಯ ಎತ್ತನ್ನು ಬಿಟ್ಟು ಅವನನ್ನು ಹಿಡಿಯಿತು.

ಮಾರನೆಯ ದಿನ ತಾನೇ ಮಲಗಿದ. ಗೊರಸು ಮೇಲೆದ್ದದ್ದೇ ತಡ, ಪಕ್ಕಕ್ಕೆ ಉರುಳಿ ಎದ್ದ. ಮತ್ತೆ ಮಲಗಿದ, ಮತ್ತೆ ಉರುಳಿದ. ಯಾವುದರ ಪಕ್ಕದಲ್ಲಾದರೂ ಹಾಯಾಗಿ ಕೂತು ಉಣ್ಣುತ್ತಿದ್ದ ಮನುಷ್ಯ ಇಲ್ಲಿ ಮಾತ್ರ ಹೌಹಾರಿ ಏಳುತ್ತಾನೆ! ಎತ್ತು ನೋಡಿತು. ಇದೇನೋ ಕೆಟ್ಟ ಜಾಗ, ಇಲ್ಲಿ ನನ್ನ ಕಾಲಿಂದ ಏನೋ ಆಗುತ್ತದೆ ಎಂದು ಅದಕ್ಕೂ ಅನ್ನಿಸಿತು. ಬಿಟ್ಟುಹೋಗಿದ್ದ ಅಂಜಿಕೆ ಅದಕ್ಕೆ ಮತ್ತೆ ಹತ್ತಿಕೊಂಡಿತು. ಅವನು ಮಲಗುತ್ತಿದ್ದ ಕಡೆ ಹಗ್ಗ ಹಿಡಿದು ಎಳೆದರೂ ಬರದಾಯಿತು.

ಇಷ್ಟರಲ್ಲಿ ಯಜಮಾನ ಬರುವ ಸುದ್ದಿ ಬಂತು. ಆಮೇಲೆ ಅವನ ಒದ್ದಾಟ ಕೇಳಬೇಡ. ಮಲಗಿ ಅಭ್ಯಾಸ ಮಾಡುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ. ತೊಳೆದ ಜೂಲನ್ನು ಮತ್ತೆ ತೊಳೆದ. ಕೊಂಬಿಗೆ ಎಣ್ಣೆ ಹಚ್ಚಿದ, ಒರೆಸಿದ, ಮತ್ತೆ ಹಚ್ಚಿದ. ಉರುಮೆಯ ಚರ್ಮ ಸಡಿಲವಾಗಿದೆ ಎಂದು ಬಿಗಿದ, ಬಿಗಿಯಾಯಿತು ಎಂದು ಸಡಿಲಿಸಿದ. "ಎತ್ತು ಹೋಗುತ್ತದೆ ರೀ, ಮಲಗಿ" ಎಂದು ಹೆಂಡತಿ ಅಂಗಲಾಚಿದರೆ, "ಇದೊಂದು ಕೆಲಸ ಮುಗಿಸಿ ಬಂದೆ ಇರು" ಎನ್ನುತ್ತಿದ್ದ. ಎತ್ತು ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಉಂಡ ಅನ್ನ ಒಳಗೆ ಇಳಿಯುತ್ತಿರಲಿಲ್ಲ. ಆದರೂ ಮಲಗಲಿಲ್ಲ.

ಅಂಗಳದ ಮೂಲೆಯಲ್ಲಿ ತಾನು ಒರಗಿಸಿಟ್ಟ ಪೊರಕೆ ಪರ್ವತಯ್ಯನ ಕಣ್ಣಿಗೆ ಬಿತ್ತು. ಎದ್ದುಬಿಡಬೇಕೆಂದು ಅವನ ಕಾಲು ಮಿಡುಕಿತು. ಆದರೆ ಆ ಎತ್ತು ಏನಾಯಿತು ಎಂದು ತಿಳಿಯದೆ ಏಳುವುದು ಹೇಗೆ? ಎತ್ತಿನ ಮೇಲೆ ಅವನಿಗೆ ಅಕ್ಕರೆ ಹುಟ್ಟಿಬಿಟ್ಟಿತ್ತು. ಸ್ವಾಮಿಗಳ ದನಿ ಈಗ ಇನ್ನೂ ಸಣ್ಣಗಾಗಿತ್ತು. ಕೇಳಿಸಿಕೊಳ್ಳಲು ಹೊಸ್ತಿಲಿನಿಂದ ಒಳಗೆ ಸರಿಯಬೇಕಾಯಿತು, ಸರಿದ.

ಆ ದಿನ ಬಂತು. ಕಣದಲ್ಲಿ ಕುಲದವರೆಲ್ಲ ಸೇರಿದರು. ಯಜಮಾನ ಕಂಬಳಿಯ ಮೇಲೆ ಕುಳಿತ. ಗಂಟೆ ಅವನ ಮುಂದೆ ತಟ್ಟೆಯಲ್ಲಿತ್ತು. ಕಣದ ಆಚೆ, ಇರಲಿ ಎಂದು, ಗಾಡಿಯವನೊಬ್ಬ ಬಂದು ನಿಂತಿದ್ದ. ಅವನ ಹೆಗಲ ಮೇಲೆ ಹೊಸ ಹಗ್ಗ. ಅದನ್ನು ಕಂಡು ಹೆಂಡತಿಗೆ ಎದೆ ಧಸಕ್ಕೆಂದಿತು.

ಸಿಂಗಾರ ಹೂಂ ಎಂದಿತು, ಊಹೂಂ ಎಂದಿತು. ಮಂಡಿಯೂರಿ ಯಜಮಾನನಿಗೆ ನಮಸ್ಕಾರ ಮಾಡಿತು. ಜನ ಭಲೆ ಭಲೆ ಎಂದರು. ಆಮೇಲೆ ಉರುಮೆ ನಿಂತಿತು. ಅವನು ಮಲಗಿದ.

ಮಣ್ಣು ಬೆನ್ನಿಗೆ ಸುಡುತ್ತಿತ್ತು. ಮೇಲೆ ಬರೀ ಆಕಾಶ. "ಬಾ ಬಸವಾ" ಎಂದ. ಎತ್ತು ದೂರದಲ್ಲೇ ನಿಂತು ಬುಸುಗುಟ್ಟಿತು. ಮತ್ತೆ ಕರೆದ. ಅದು ಬಂತು, ಮೂಸಿತು, ಕಾಲೆತ್ತಿತು. ಗೊರಸಿನ ನೆರಳು ಎದೆಯ ಮೇಲೆ ಬಿದ್ದದ್ದೇ ತಡ, ಅವನು ಉರುಳಿಬಿಟ್ಟ. ಎತ್ತು ಹಿಂದಕ್ಕೆ ನೆಗೆಯಿತು. ಯಾರೋ ಕಿಸಕ್ಕೆಂದರು. ಅವನು ಇನ್ನೊಂದು ಸಲ ಮಲಗಿದ, ಹಲ್ಲು ಕಚ್ಚಿಕೊಂಡ, ಮತ್ತೆ ಉರುಳಿದ.

"ಎತ್ತು ಹೆದರ್ತದೆ ಕಣೋ," ಎಂದ ಯಜಮಾನ. ಅವನಿಗೂ ಸಂಕಟವಾಗಿತ್ತು. "ಇದು ಬಸವ ಅಲ್ಲ. ಗಾಡಿಯವನನ್ನ ಕರೀರಿ."

ಎತ್ತು ಹೆದರುತ್ತಿಲ್ಲ, ನಾನು ಹೆದರುತ್ತಿದ್ದೇನೆ ಎಂದು ಕೂಗಿ ಹೇಳಬೇಕೆನ್ನಿಸಿತು ಅವನಿಗೆ. ನಾಲಿಗೆ ಏಳಲಿಲ್ಲ. ತನ್ನ ಪುಕ್ಕಲುತನಕ್ಕೆ ಮೂಕಪ್ರಾಣಿ ಗಾಡಿಯ ನೊಗಕ್ಕೆ ಹೋಗುತ್ತದಲ್ಲ ಎಂದು ಅಳು ಒತ್ತರಿಸಿ ಬಂತು. ಮಣ್ಣಿನಲ್ಲಿ ಕೂತೇ ಇದ್ದ.

ಆಗ ಅವನ ಹೆಂಡತಿ ಗುಂಪಿನಿಂದ ಎದ್ದು ಬಂದಳು. ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಏಳಿ ಮೇಲೆ," ಎಂದಳು. ಎತ್ತಿನ ಹಗ್ಗವನ್ನು ಗಂಡನ ಕೈಯಲ್ಲಿಟ್ಟು, ಅವನು ಎದ್ದ ಜಾಗದಲ್ಲೇ ಅಂಗಾತ ಮಲಗಿದಳು.

"ಹೆಂಗಸು ಮಲಗೋ ಪದ್ಧತಿ ನಮ್ಮಲ್ಲಿಲ್ಲ!" ಎಂದು ಯಜಮಾನ ಅರ್ಧ ಎದ್ದ.

"ಪದ್ಧತಿ ಆಮೇಲೆ ಕೇಳ್ತೀನಿ ದೊಡ್ಡಪ್ಪಾ. ಈಗ ನನ್ನ ಎತ್ತು ಹೋಗ್ತಾ ಇದೆ."

ಅವಳಿಗೆ ಭಯವಿರಲಿಲ್ಲ ಎಂದುಕೊಳ್ಳಬೇಡ. ಅವಳ ಕೈಬೆರಳು ಮಣ್ಣನ್ನು ಕೆರೆಯುತ್ತಿತ್ತು, ಕಾಲುಂಗುರ ಸಣ್ಣಗೆ ಅದುರುತ್ತಿತ್ತು. ಗಂಡ ಬಾಗಿ, "ಬೇಡ ಕಣೇ, ನಿನಗೆ ಭಯ ಆಗ್ತಿದೆ" ಎಂದ. "ಆಗ್ತಿದೆ. ಆಗ್ಲಿ. ನೀವು ಅಲ್ಲೇ ನಿಂತಿರಿ" ಎಂದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಆದರೆ ಅಲ್ಲಾಡಲಿಲ್ಲ.

ಸಿಂಗಾರ ಬಂತು. ಅವಳ ಹಣೆಯನ್ನು ಮೂಸಿತು, ಒಂದು ಸಲ ನೆಕ್ಕಿತು. ಸುತ್ತ ನೋಡಿತು. ಕಾಲೆತ್ತಿತು.

ಗಂಡನಿಗೆ ಅಲ್ಲಿಂದ ಓಡಿಬಿಡಬೇಕೆನ್ನಿಸಿತು. ಮುಖ ತಿರುಗಿಸಿದ. ಆದರೆ ಕೈಯಲ್ಲಿ ಹಗ್ಗ, ಕೆಳಗೆ ಮಲಗಿದವಳು ತನ್ನವಳು. ತಾನು ಈಗ ಓಡಿದರೆ ಇವಳು ಇಲ್ಲಿ ಒಬ್ಬಳೇ ಎಂದು ಹೊಳೆದದ್ದೇ ಅವನ ಕಾಲು ನಿಂತಿತು. ಮತ್ತೆ ಇತ್ತ ತಿರುಗಿ ಅವಳನ್ನು ನೋಡಿದ. ಅವಳ ತುಟಿ ಬಿಳಿಚಿಕೊಂಡಿತ್ತು. ಗೊರಸು ಇಳಿದು ಎದೆಯ ಮೇಲೆ ಕೂತಿತು. ಅವಳ ಹುಬ್ಬು ಗಂಟಿಕ್ಕಿತು. ಅವನು ನೋಡುತ್ತಲೇ ಇದ್ದ. ನೋಡುತ್ತಿದ್ದ ಹಾಗೆ ಹುಬ್ಬಿನ ಗಂಟು ಬಿಚ್ಚಿತು, ಮಣ್ಣು ಕೆರೆಯುತ್ತಿದ್ದ ಬೆರಳು ಸುಮ್ಮನಾಯಿತು. ಅವಳು ಒಂದು ಕಣ್ಣು ಬಿಟ್ಟಳು. ಆಮೇಲೆ ಇನ್ನೊಂದು. ಎದೆಯ ಮೇಲಿದ್ದ ಕಾಲನ್ನು ಅದೇನೋ ಹೊಸ ಒಡವೆ ಎಂಬಂತೆ ನೋಡಿದಳು. ಗಂಡನ ಕಡೆ ತಿರುಗಿದಳು.

"ಭಾರ ಇಲ್ಲ ಕಣ್ರೀ," ಎಂದಳು.

ಅವಳ ದನಿಯಲ್ಲಿ ಆಶ್ಚರ್ಯವಿತ್ತು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಹೋಗಿ ನೋಡಿ ಬಂದವರ ಮಾತು. ಅವಳು ಎದ್ದು ಸೆರಗು ಕೊಡವಿಕೊಂಡಳು. ಅವನು ಹಗ್ಗವನ್ನು ಅವಳ ಕೈಗೆ ಕೊಟ್ಟು ಮಲಗಿದ. ಅವನ ಎದೆ ಡವಡವ ಹೊಡೆದುಕೊಳ್ಳುತ್ತಲೇ ಇತ್ತು. ಗೊರಸಿನ ನೆರಳು ಬಿತ್ತು. ಉರುಳಲಿಲ್ಲ. ಗೊರಸು ಇಳಿಯಿತು. ಅವಳು ಹೇಳಿದ್ದು ನಿಜವಾಗಿತ್ತು.

ಯಜಮಾನ ತಟ್ಟೆಯ ಗಂಟೆ ಎತ್ತಿಕೊಂಡು ತಾನೇ ಬಂದು ಸಿಂಗಾರನ ಕೊರಳಿಗೆ ಕಟ್ಟಿದ. ಗಾಡಿಯವನು ಹಗ್ಗ ಸುತ್ತಿಕೊಂಡು ಹೊರಟುಹೋದ. ಆ ಗಂಡಹೆಂಡಿರು ಎತ್ತಿನ ಕೊರಳು ತಬ್ಬಿಕೊಂಡು ಅತ್ತರು ಎಂದು ಹೇಳುತ್ತಾರೆ.

ಸ್ವಾಮಿಗಳು ನಿಲ್ಲಿಸಿದರು. ಇಷ್ಟು ಹೇಳುವಷ್ಟರಲ್ಲಿ ಅವರಿಗೆ ತುಂಬ ಆಯಾಸವಾಗಿತ್ತು. ಎದೆ ಏರುವುದು, ಇಳಿಯುವುದು ದೂರದಿಂದಲೇ ಕಾಣುತ್ತಿತ್ತು. ಪರ್ವತಯ್ಯ ಅದನ್ನು ನೋಡಿದ. ಎಂದಿನ ಹಾಗೆ ಕಣ್ಣು ಅತ್ತ ಸರಿಸಿದ. ಆಮೇಲೆ ನೆಲ ನೋಡುತ್ತ ಕೇಳಿದ:

"ಅವಳು ಮೊದಲು ಮಲಗದೇ ಹೋಗಿದ್ದರೆ, ಬುದ್ಧೀ?"

"ಮಲಗದಿದ್ದರೆ ಅವನು ಹುಟ್ಟಿದ ಭಯವನ್ನು ಹಾಗೆಯೇ ಹೊತ್ತುಕೊಂಡು ಸಾಯುತ್ತಿದ್ದ. ಯಾರಾದರೂ ಬೇಕಾದವರೊಬ್ಬರು ಮೊದಲು ಮಲಗಬೇಕು. ಇನ್ನೊಬ್ಬರು ಓಡಿಹೋಗದೆ ನೋಡಬೇಕು."

"ನೋಡುವುದೇ ಕಷ್ಟ ಬುದ್ಧೀ," ಎಂದ ಪರ್ವತಯ್ಯ. "ನನ್ನ ತಂದೆ ಕೂಗಿದರು, ನಾನು ಹೋಗಲಿಲ್ಲ. ಇವತ್ತೂ ಬೆಳಗಿನಿಂದ ನೀವು ಕೂಗುತ್ತಿದ್ದೀರಿ. ಕಾಲು ಬರುತ್ತಿಲ್ಲ. ನಾನೇನು ಮಾಡಲಿ, ಹೇಳಿ."

ಸ್ವಾಮಿಗಳು ಚಾಪೆಯ ಮೇಲೆ ಕೈಯಾಡಿಸಿ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿದರು.

"ಈಗ ನಾನು ಮಲಗಿದ್ದೇನಲ್ಲಯ್ಯ, ಹತ್ತಿರ ಬಂದು ನೋಡು."

ಪರ್ವತಯ್ಯ ಎದ್ದು ಹತ್ತಿರ ಬಂದು ಚಾಪೆಯ ಪಕ್ಕ ಕುಳಿತ.